ಜಾಲದ್ವಾರದ ಸೇವಾಸ್ತರ ಮತ್ತು ಸಂಗ್ರಹಸ್ತರ

೧. ವಿಷಯಪ್ರವೇಶ

ಶಾಲೆಯೊಂದರ ಸೊತ್ತುಗಳಲ್ಲಿ ಕಟ್ಟಡಕ್ಕಿಂತಲೂ ಹೆಚ್ಚು ಕಾಲ ಬಾಳತಕ್ಕ ವಸ್ತು ಅದರ ದಾಖಲಾತಿ ಪುಸ್ತಕ. ಕಾಸರಗೋಡು ಸೀಮೆಯ ಹಳೆಯ ಶಾಲೆಯೊಂದರ ಪುಸ್ತಕವನ್ನು ತೆರೆದು ನೋಡಿದವರಿಗೆ ಈ ಮಾತಿನ ಸತ್ಯ ಮನವರಿಕೆಯಾಗುತ್ತದೆ. ೧೯೫೬ನೆಯ ಇಸವಿಯ ಅಕ್ಟೋಬರ್ ತಿಂಗಳ ಕೊನೆಯ ದಿನದ ತನಕ ಆ ತಾಲೂಕು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ನವೆಂಬರ್ ೧ರಂದು ಕೇರಳ ರಾಜ್ಯಕ್ಕೆ ಸೇರಿತು. ೧೯೫೭ರಲ್ಲಿ ಕಣ್ಣೂರು ಜಿಲ್ಲೆಯ ಭಾಗವಾಯಿತು. ೧೯೮೪ರ ಮೇ ೨೪ರಂದು ಕಾಸರಗೋಡು ತಾನೇ ಒಂದು ಜಿಲ್ಲೆಯಾಯಿತು. ಮೇಲಧಿಕಾರಿಗಳು, ನಮೂನೆಗಳು, ಮುದ್ರೆಗಳು ಎಲ್ಲವೂ ಬದಲಾದವು. ಪುಸ್ತಕದಲ್ಲಿ ಒಮ್ಮೆ ಬರೆದ ಮಗುವಿನ ಹೆಸರು, ಜನ್ಮದಿನಾಂಕ, ತಾಯ್ನುಡಿ ಇವು ಮಾತ್ರ ಬದಲಾಗಲಿಲ್ಲ. ಐವತ್ತು ಅರುವತ್ತು ವರ್ಷಗಳ ಮೇಲೆ ಅದೇ ಮಗು ಮುದುಕನಾಗಿ ಬಂದು ತನ್ನ ಜನ್ಮದಿನಾಂಕದ ನಕಲನ್ನು ಬೇಡಿದಾಗ, ಆ ಒಂದು ಸಾಲಿನ ಮೇಲೆಯೇ ಅವನ ನಿವೃತ್ತಿ ವೇತನವೋ ಆಸ್ತಿಯ ಹಕ್ಕೋ ನಿಂತಿರುವುದುಂಟು.

ಈಗ ಅಂತಹ ದಾಖಲೆಗಳು ಕಾಗದದಿಂದ ಕಂಪ್ಯೂಟರಿಗೆ ಸಾಗುತ್ತಿವೆ. ಹಲವು ಶಾಲೆಗಳನ್ನು ನಡೆಸತಕ್ಕ ಸಂಘವು ತನ್ನ ಎಲ್ಲ ಕೆಲಸಗಳಿಗೂ ಒಂದೇ ಜಾಲದ್ವಾರವನ್ನು ಕಟ್ಟಿಕೊಳ್ಳಲು ಹೊರಡುವುದು ಸಹಜ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಸಾಫ್ಟ್‌ವೇರ್ ಉದ್ಯೋಗದಲ್ಲಿರುವುದರಿಂದ ಕಟ್ಟಿಕೊಡುವ ಕೈಗಳಿಗೂ ಕೊರತೆಯಿಲ್ಲ. ಆದರೆ ಯಂತ್ರ ಹಳತಾಗುತ್ತದೆ, ಕಟ್ಟಿದವರು ಬೇರೆ ಊರಿಗೆ ಹೋಗುತ್ತಾರೆ, ಪರದೆಯ ಅಂದ ಐದು ವರ್ಷಗಳಲ್ಲಿ ಸವೆಯುತ್ತದೆ. ಮಗುವಿನ ಹೆಸರು ಮಾತ್ರ ಉಳಿಯಬೇಕು. ಅದು ಉಳಿಯುವಂತೆ ಜಾಲದ್ವಾರದ ಒಳಗನ್ನು ಹೇಗೆ ವಿಭಾಗಿಸಬೇಕೆಂಬುದೇ ಈ ಪಾಠದ ವಿಷಯ.

೨. ಜಾಲದ್ವಾರವೆಂದರೇನು?

ಪೋರ್ಟಲ್ ಎಂದು ಕರೆಯಲ್ಪಡುವ ಜಾಲದ್ವಾರವು ಒಂದು ದೊಡ್ಡ ಛತ್ರದಂತೆ. ಬಾಗಿಲು ಒಂದು, ಕಾವಲುಗಾರ ಒಬ್ಬ, ದೀಪ ನೀರಿನ ವ್ಯವಸ್ಥೆ ಎಲ್ಲರಿಗೂ ಸಮಾನ. ಒಳಗಿನ ಕೋಣೆಗಳು ಮಾತ್ರ ಬೇರೆ ಬೇರೆ. ಸುತ್ತೋಲೆಗಳಿಗೆ ಒಂದು ಕೋಣೆ, ಗ್ರಂಥಾಲಯಕ್ಕೆ ಒಂದು, ವಿದ್ಯಾರ್ಥಿವೇತನಕ್ಕೆ ಇನ್ನೊಂದು. ಈ ಕೋಣೆಗಳನ್ನು ಬೇಕಾದಾಗ ಜೋಡಿಸಿ ಬೇಡವಾದಾಗ ಕಳಚಬಹುದಾದರೆ, ಅಂತಹ ಚೌಕಟ್ಟನ್ನು ಪ್ಲಗಿನ್ ಜೋಡಿಸತಕ್ಕ ಚೌಕಟ್ಟೆಂದು ಹೇಳುತ್ತೇವೆ. ಜಾವಾ ಭಾಷೆಯಲ್ಲಿ ಈ ಕೋಣೆಗಳಿಗೆ ಪೋರ್ಟ್‌ಲೆಟ್ ಎಂದು ಹೆಸರು. ಪೋರ್ಟ್‌ಲೆಟ್ ಹೇಗಿರತಕ್ಕದ್ದೆಂಬ ಮೊದಲ ಸಾಮಾನ್ಯ ನಿಯಮಾವಳಿ ೨೦೦೩ರಲ್ಲಿಯೂ ಎರಡನೆಯದು ೨೦೦೮ರಲ್ಲಿಯೂ ಹೊರಬಂದುವು.

ನಿದರ್ಶನಕ್ಕಾಗಿ ಲೈಫ್‌ರೇ ಎಂಬ ಜಾಲದ್ವಾರವನ್ನು ತೆಗೆದುಕೊಳ್ಳೋಣ. ಬ್ರಯನ್ ಚಾನ್ ಎಂಬವರು ೨೦೦೦ನೆಯ ಇಸವಿಯಲ್ಲಿ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೂ ಒಳ್ಳೆಯ ಜಾಲದ್ವಾರ ದೊರೆಯಬೇಕೆಂಬ ಅಭಿಪ್ರಾಯದಿಂದ ಇದನ್ನು ಆರಂಭಿಸಿದರು. ಇದರ ಮೂಲಸಂಹಿತೆಯನ್ನು ಯಾರೂ ಓದಬಹುದು. ೨೦೧೬ರಲ್ಲಿ ಬಂದ ಏಳನೆಯ ಆವೃತ್ತಿಯಿಂದ ಇದರ ಅಂಗಗಳು ಓಎಸ್‌ಜಿಐ ಎಂಬ ಪದ್ಧತಿಯ ಸಣ್ಣ ಸಣ್ಣ ಮಾಡ್ಯೂಲುಗಳಾಗಿ ಬೇರ್ಪಟ್ಟಿವೆ. ಯಂತ್ರ ಓಡುತ್ತಿರುವಾಗಲೇ ಒಂದು ಮಾಡ್ಯೂಲನ್ನು ತೆಗೆದು ಇನ್ನೊಂದನ್ನು ಇಡಬಹುದು. ಸೇವಾಸ್ತರ, ಸಂಗ್ರಹಸ್ತರಗಳ ವಿಭಾಗವು ಇದರಲ್ಲಿ ಸ್ಪಷ್ಟವಾಗಿ ಕಣ್ಣಿಗೆ ಕಾಣುವುದರಿಂದ ಪಾಠಕ್ಕೆ ಅನುಕೂಲ.

೩. ಸ್ತರಗಳು ಏಕೆ ಬೇಕು?

ಶಾಲೆಯ ಕಚೇರಿಯನ್ನೇ ನೋಡಿರಿ. ಪಾಲಕರೊಬ್ಬರು ಬಂದು ವರ್ಗಾವಣೆ ಪತ್ರವನ್ನು ಕೇಳುತ್ತಾರೆ. ಕಿಟಕಿಯಲ್ಲಿ ಕುಳಿತವರು ಅರ್ಜಿಯನ್ನು ತೆಗೆದುಕೊಳ್ಳುತ್ತಾರೆ. ಗುಮಾಸ್ತರು, ಕೇಳಿದವರು ನಿಜವಾಗಿ ಪಾಲಕರೇ, ಗ್ರಂಥಾಲಯದ ಪುಸ್ತಕ ಹಿಂದಿರುಗಿದೆಯೇ ಎಂದು ವಿಚಾರಿಸುತ್ತಾರೆ. ಆಮೇಲೆ ದಾಖಲೆಯ ಕಪಾಟಿನಿಂದ ಪುಸ್ತಕ ಹೊರಬರುತ್ತದೆ. ಇಲ್ಲಿ ಕಿಟಕಿಯು ಪ್ರದರ್ಶನಸ್ತರ, ಗುಮಾಸ್ತರ ಮೇಜು ಸೇವಾಸ್ತರ, ಕಪಾಟು ಸಂಗ್ರಹಸ್ತರ.

ಕಪಾಟಿಗೆ ನಿಯಮಗಳು ಗೊತ್ತಿಲ್ಲ. ಅದಕ್ಕೆ ಇಡುವುದು, ತೆಗೆಯುವುದು, ಹುಡುಕುವುದು ಇಷ್ಟೇ ಗೊತ್ತು. ಕಿಟಕಿಗೆ ಕಪಾಟಿನ ಬೀಗದ ಕೈಯಿಲ್ಲ. ಅದಕ್ಕೆ ಮುಖಪರಿಚಯ, ಮಾತು, ನಮೂನೆ ಇಷ್ಟೇ ಗೊತ್ತು. ನಿಯಮವೆಂಬುದು ಯಾವತ್ತೂ ನಡುವಿನ ಮೇಜಿನಲ್ಲಿ. ಹೀಗಿರುವುದರಿಂದಲೇ ನಾಳೆ ಕಿಟಕಿಯ ಜೊತೆಗೆ ಅಂಚೆಯ ಮೂಲಕವೂ ಅರ್ಜಿ ಬರತೊಡಗಿದರೆ ನಿಯಮವನ್ನು ಎರಡನೆಯ ಸಲ ಬರೆಯಬೇಕಾಗಿಲ್ಲ. ಮರದ ಕಪಾಟು ಹೋಗಿ ಕಬ್ಬಿಣದ್ದು ಬಂದರೂ ನಿಯಮವನ್ನು ತಿದ್ದಬೇಕಾಗಿಲ್ಲ.

ಇದಕ್ಕೆ ವಿರುದ್ಧವಾಗಿ, ಪ್ರತಿಯೊಬ್ಬ ಉಪಾಧ್ಯಾಯನೂ ತನಗೆ ಬೇಕಾದಾಗ ಕಪಾಟನ್ನು ತೆರೆದು ತಿದ್ದಬಹುದೆಂದಾದರೆ ವರ್ಷ ಮುಗಿಯುವುದರೊಳಗೆ ಪುಸ್ತಕದಲ್ಲಿ ನಾಲ್ಕು ಬಗೆಯ ಬರಹಗಳು, ಮೂರು ಬಗೆಯ ಲೆಕ್ಕಗಳು ಕಾಣುವುವು. ಪರದೆಯ ಸಂಹಿತೆಯೊಳಗೇ ಡೇಟಾಬೇಸಿನ ಪ್ರಶ್ನೆಗಳನ್ನು ಬರೆಯುವ ಕಾರ್ಯಕ್ರಮಗಳಲ್ಲಿ ಆಗುವುದೂ ಇದೇ. ಪ್ಲಗಿನ್‌ಗಳ ಸಂಖ್ಯೆ ಹೆಚ್ಚಿದಷ್ಟೂ ಕೇಡು ಹೆಚ್ಚುತ್ತದೆ. ಏಕೆಂದರೆ ಅವನ್ನು ಬರೆದವರು ಪರಸ್ಪರ ಪರಿಚಯವಿಲ್ಲದವರು.

೪. ಸಂಗ್ರಹಸ್ತರದ ರಚನೆ

ಲೈಫ್‌ರೇಯಲ್ಲಿ ಸರ್ವಿಸ್ ಬಿಲ್ಡರ್ ಎಂಬ ಒಂದು ಉಪಕರಣವಿದೆ. ನಾವು ಒಂದು ಎಕ್ಸ್‌ಎಂಎಲ್ ಕಡತದಲ್ಲಿ ನಮ್ಮ ವಸ್ತುವನ್ನು ವರ್ಣಿಸಿದರೆ, ಕೋಷ್ಟಕದ ಆಜ್ಞೆಗಳನ್ನೂ ಜಾವಾ ವರ್ಗಗಳನ್ನೂ ಅದೇ ಬರೆದು ಕೊಡುತ್ತದೆ. ‘ವಿದ್ಯಾರ್ಥಿ’ ಎಂಬ ವಸ್ತುವಿಗೆ ದಾಖಲಾತಿ ಸಂಖ್ಯೆ, ಹೆಸರು, ಜನ್ಮದಿನಾಂಕ, ತಾಯ್ನುಡಿ, ಸೇರಿದ ದಿನಾಂಕ ಎಂಬ ಅಂಕಣಗಳಿರಲಿ. ಇವುಗಳೊಂದಿಗೆ ರೂಢಿಯಿಂದ ಸೇರಿಸತಕ್ಕ ಕೆಲವು ಅಂಕಣಗಳುಂಟು: ಯಾವ ಜಾಲದ್ವಾರ, ಅದರಲ್ಲಿ ಯಾವ ತಾಣ, ಯಾರು ಬರೆದರು, ಎಂದು ಬರೆದರು, ಎಂದು ತಿದ್ದಿದರು. ಹತ್ತು ಶಾಲೆಗಳ ಸಂಘದಲ್ಲಿ ಪ್ರತಿಯೊಂದು ಶಾಲೆಯೂ ಒಂದು ತಾಣವೆಂದು ಭಾವಿಸಿದರೆ, ತಾಣದ ಅಂಕಣವಿಲ್ಲದ ಹುಡುಕಾಟವು ಒಂದು ಶಾಲೆಯ ಮಕ್ಕಳ ಪಟ್ಟಿಯನ್ನು ಇನ್ನೊಂದು ಶಾಲೆಯ ಪರದೆಯಲ್ಲಿ ತೋರಿಸಿಬಿಡಬಹುದು. ಆದುದರಿಂದ ಈ ಅಂಕಣಗಳನ್ನು ಅಲಂಕಾರವೆಂದು ತಿಳಿಯಬಾರದು.

ಇಲ್ಲಿ ಗಮನಿಸಬೇಕಾದ ಅಂಶಗಳು ಐದು.

ಮೊದಲನೆಯದು, ಮುಖ್ಯ ಕೀಲಿ. ಪ್ರತಿಯೊಂದು ಸಾಲಿಗೂ ಯಂತ್ರವು ತನ್ನ ಗಣಕದಿಂದ ಒಂದು ಸಂಖ್ಯೆಯನ್ನು ಕೊಡುತ್ತದೆ. ವೇಗಕ್ಕಾಗಿ ಆ ಗಣಕವು ಸಂಖ್ಯೆಗಳನ್ನು ಗುಚ್ಛವಾಗಿ ತೆಗೆದಿರಿಸಿಕೊಳ್ಳುತ್ತದೆ; ಯಂತ್ರ ನಿಂತು ಮತ್ತೆ ಆರಂಭವಾದಾಗ ಉಳಿದ ಸಂಖ್ಯೆಗಳು ವ್ಯರ್ಥವಾಗಬಹುದು. ದಾಖಲಾತಿ ಸಂಖ್ಯೆಯಾದರೋ ನಡುವೆ ತಪ್ಪದೆ ಕ್ರಮವಾಗಿ ಸಾಗಬೇಕು. ಆದ್ದರಿಂದ ಮುಖ್ಯ ಕೀಲಿಯನ್ನೇ ದಾಖಲಾತಿ ಸಂಖ್ಯೆಯೆಂದು ಎಂದೂ ಬಳಸಬಾರದು. ಅದು ಯಂತ್ರಕ್ಕೆ ಸೇರಿದ್ದು. ಇದು ಶಾಲೆಗೆ ಸೇರಿದ್ದು.

ಎರಡನೆಯದು, ಹುಡುಕುವ ವಿಧಾನಗಳು. ‘ತಾಣ ಮತ್ತು ದಾಖಲಾತಿ ಸಂಖ್ಯೆ’ ಎಂಬ ಜೋಡಿಯಿಂದ ಹುಡುಕಬೇಕೆಂದು ಕಡತದಲ್ಲಿ ಸೂಚಿಸಿದರೆ ಹುಡುಕುವ, ಎಣಿಸುವ, ತೆಗೆದುಹಾಕುವ ವಿಧಾನಗಳು ತಾವಾಗಿ ಹುಟ್ಟುತ್ತವೆ. ಡೇಟಾಬೇಸಿನಲ್ಲಿ ಅದಕ್ಕೆ ತಕ್ಕ ಸೂಚಿಯೂ ಸಿದ್ಧವಾಗುತ್ತದೆ. ಆ ಜೋಡಿ ಅದ್ವಿತೀಯವೆಂದು ಹೇಳಿದರೆ ಒಂದೇ ಶಾಲೆಯಲ್ಲಿ ಒಂದೇ ಸಂಖ್ಯೆ ಇಬ್ಬರಿಗೆ ಬರಲು ಡೇಟಾಬೇಸೇ ಬಿಡುವುದಿಲ್ಲ. ಹುಟ್ಟುವ ವಿಧಾನಗಳಲ್ಲಿ ‘ಫೈಂಡ್’ ಎಂಬುದು ವಸ್ತು ಸಿಕ್ಕದಿದ್ದರೆ ದೋಷವನ್ನು ಎತ್ತುತ್ತದೆ. ‘ಫೆಚ್’ ಎಂಬುದು ಸುಮ್ಮನೆ ಶೂನ್ಯವನ್ನು ಕೊಡುತ್ತದೆ. ಇರಲೇಬೇಕಾದ ವಸ್ತುವಿಗೆ ಮೊದಲನೆಯದು, ಇರಬಹುದಾದ ವಸ್ತುವಿಗೆ ಎರಡನೆಯದು ಎಂದು ವಿವೇಚಿಸಿ ಆರಿಸಬೇಕು.

ಮೂರನೆಯದು, ಉದ್ದದ ಮಿತಿ. ಬೇರೆ ಹೇಳದಿದ್ದರೆ ಪಠ್ಯದ ಅಂಕಣಕ್ಕೆ ಈ ಉಪಕರಣ ಕೊಡುವ ಉದ್ದ ೭೫ ಅಕ್ಷರಸಂಕೇತಗಳು. ಕನ್ನಡದಲ್ಲಿ ನಾವು ಒಂದೇ ಅಕ್ಷರವೆಂದು ಓದುವ ‘ಸ್ತ್ರೀ’ ಎಂಬುದು ಯಂತ್ರಕ್ಕೆ ಆರು ಸಂಕೇತಗಳು: ಸ, ವಿರಾಮ, ತ, ವಿರಾಮ, ರ, ಈ ಕಾರದ ಚಿಹ್ನೆ. ಮನೆತನದ ಹೆಸರು, ಊರು, ಅಂಚೆ, ತಾಲೂಕು ಸೇರಿದ ವಿಳಾಸವು ೭೫ನ್ನು ಸುಲಭವಾಗಿ ಮೀರುತ್ತದೆ. ಇಂಗ್ಲಿಷ್ ಮಾದರಿಯನ್ನಿಟ್ಟುಕೊಂಡು ಪರೀಕ್ಷಿಸಿದವರಿಗೆ ಈ ದೋಷ ಕಾಣುವುದಿಲ್ಲ. ಕನ್ನಡ ಶಾಲೆಗೆ ಬಂದ ಮೊದಲ ದಿನವೇ ಕಾಣುತ್ತದೆ. ಮಿತಿಯನ್ನು ಹಿಗ್ಗಿಸಲು ಪ್ರತ್ಯೇಕವಾದ ಸೂಚನಾ ಕಡತವಿದೆ.

ನಾಲ್ಕನೆಯದು, ಕ್ಯಾಶ್ ಎಂಬ ಕೈಮರೆಯ ಸಂಗ್ರಹ. ಒಮ್ಮೆ ಓದಿದ ಸಾಲನ್ನೂ ಒಮ್ಮೆ ಮಾಡಿದ ಹುಡುಕಾಟದ ಫಲವನ್ನೂ ಸಂಗ್ರಹಸ್ತರವು ನೆನಪಿನಲ್ಲಿಟ್ಟುಕೊಳ್ಳುತ್ತದೆ. ತನ್ನ ಮೂಲಕ ತಿದ್ದುಪಡಿ ನಡೆದಾಗ ಹಳೆಯ ನೆನಪನ್ನು ಅಳಿಸುತ್ತದೆ. ಯಾರಾದರೂ ಹಿಂಬಾಗಿಲಿನಿಂದ ನೇರವಾಗಿ ಡೇಟಾಬೇಸಿನ ಕೋಷ್ಟಕವನ್ನು ತಿದ್ದಿದರೆ ಈ ಸ್ತರಕ್ಕೆ ಅದು ತಿಳಿಯುವುದಿಲ್ಲ. ಕೋಷ್ಟಕದಲ್ಲಿ ಹೊಸದು, ಪರದೆಯಲ್ಲಿ ಹಳೆಯದು ಎಂಬ ಅವಸ್ಥೆಯುಂಟಾಗುತ್ತದೆ. ಶಿಸ್ತು ಇಲ್ಲಿ ಬರಿಯ ಅಂದಕ್ಕಲ್ಲ, ಸತ್ಯಕ್ಕೆ ಬೇಕಾಗಿದೆ.

ಐದನೆಯದು, ಏಕಕಾಲದ ಬರಹ. ಇಬ್ಬರು ಗುಮಾಸ್ತರು ಒಂದೇ ಸಾಲನ್ನು ತೆರೆದು, ಒಬ್ಬರು ಹೆಸರನ್ನೂ ಇನ್ನೊಬ್ಬರು ವಿಳಾಸವನ್ನೂ ತಿದ್ದಿ ಉಳಿಸಿದರೆಂದು ಭಾವಿಸಿರಿ. ಕಾವಲಿಲ್ಲದಿದ್ದರೆ ಎರಡನೆಯವರ ಬರಹವು ಮೊದಲನೆಯವರದನ್ನು ಸದ್ದಿಲ್ಲದೆ ನುಂಗುತ್ತದೆ. ಪ್ರತಿಯೊಂದು ಸಾಲಿಗೂ ಆವೃತ್ತಿಯ ಸಂಖ್ಯೆಯನ್ನಿಟ್ಟರೆ, ಹಳೆಯ ಆವೃತ್ತಿಯನ್ನು ಹಿಡಿದು ಬಂದ ಎರಡನೆಯವರಿಗೆ ದೋಷ ತೋರಿ, ಮತ್ತೆ ಓದಿ ತಿದ್ದಬೇಕೆಂದು ತಿಳಿಯುತ್ತದೆ. ಲೈಫ್‌ರೇಯ ಕಡತದಲ್ಲಿ ಇದಕ್ಕೆ ಒಂದೇ ಮಾತಿನ ಸೂಚನೆ ಸಾಕು.

೫. ಸೇವಾಸ್ತರದ ರಚನೆ

ಸೇವಾಸ್ತರದಲ್ಲಿ ಎರಡು ಮುಖಗಳುಂಟು: ಸ್ಥಳೀಯ ಸೇವೆ, ದೂರ ಸೇವೆ. ಸ್ಥಳೀಯ ಸೇವೆಯು ನಿಯಮಗಳ ನೆಲೆ. ಹೆಸರು ಖಾಲಿಯಾಗಿರಬಾರದು, ಜನ್ಮದಿನಾಂಕವು ಸೇರಿದ ದಿನಾಂಕಕ್ಕಿಂತ ಹಿಂದಿನದಾಗಿರಬೇಕು, ಎಂಬಂತಹ ಪರೀಕ್ಷೆಗಳೆಲ್ಲ ಅಲ್ಲಿಯೇ. ದೂರ ಸೇವೆಯು ಹೊರಗಿನಿಂದ ಬರುವ ಕೋರಿಕೆಯನ್ನು ಮೊದಲು ತಡೆದು, ‘ಕೇಳುತ್ತಿರುವವರು ಯಾರು? ಅವರಿಗೆ ಅಧಿಕಾರವಿದೆಯೇ?’ ಎಂದು ವಿಚಾರಿಸಿ, ಇದ್ದರೆ ಮಾತ್ರ ಸ್ಥಳೀಯ ಸೇವೆಗೆ ಒಪ್ಪಿಸುತ್ತದೆ.

ಈ ಎರಡನ್ನು ಬೇರ್ಪಡಿಸಿದ್ದೇಕೆ? ರಾತ್ರಿಯ ಹೊತ್ತು ತಾನಾಗಿ ನಡೆಯುವ ಲೆಕ್ಕಕ್ಕೆ ಬಳಕೆದಾರನೇ ಇಲ್ಲ. ಅಲ್ಲಿ ಅಧಿಕಾರದ ಪ್ರಶ್ನೆಯನ್ನು ಕೇಳಿದರೆ ಕೆಲಸ ನಿಲ್ಲುತ್ತದೆ. ಹೊರಗಿನ ಕೋರಿಕೆಯಲ್ಲಿ ಅದನ್ನು ಕೇಳದಿದ್ದರೆ ಮನೆ ಲೂಟಿಯಾಗುತ್ತದೆ. ಪರದೆಯ ಸಂಹಿತೆಯು ಆತುರದಲ್ಲಿ ಸ್ಥಳೀಯ ಸೇವೆಯನ್ನೇ ನೇರವಾಗಿ ಕರೆಯುವುದು ಸಾಮಾನ್ಯವಾಗಿ ಕಂಡುಬರುವ ದೋಷ. ಆಗ ಅಧಿಕಾರದ ಪ್ರಶ್ನೆಯನ್ನು ಕೇಳುವವರೇ ಇಲ್ಲದಂತಾಗುತ್ತದೆ. ಗುಂಡಿಯನ್ನು ಪರದೆಯಲ್ಲಿ ಮರೆಮಾಡಿದರೆ ಸಾಕೆಂದು ತಿಳಿಯುವುದು ಬಾಗಿಲಿಗೆ ಬೀಗ ಹಾಕದೆ ಚಿತ್ರವೊಂದನ್ನು ತೂಗುಹಾಕಿದಂತೆ. ವಿದ್ಯಾರ್ಥಿಯ ಜಾತಿ, ತಂದೆಯ ವರಮಾನ, ಅಂಗವೈಕಲ್ಯದ ವಿವರ ಇವೆಲ್ಲ ಶಾಲೆಯನ್ನು ನಂಬಿ ಒಪ್ಪಿಸಿದ ವಿಷಯಗಳು. ಅವು ಬೀದಿಗೆ ಬೀಳದಿರುವುದು ಈ ಒಂದು ಪ್ರಶ್ನೆಯನ್ನು ತಪ್ಪದೆ ಕೇಳುವುದರ ಮೇಲೆ ನಿಂತಿದೆ.

ಸೇವಾಸ್ತರದ ಇನ್ನೊಂದು ಹೊಣೆ, ಟ್ರಾನ್ಸಾಕ್ಷನ್ ಎಂಬ ಅಖಂಡ ವ್ಯವಹಾರ. ವಿದ್ಯಾರ್ಥಿವೇತನವನ್ನೇ ನೋಡೋಣ. ಮಗುವಿನ ಹೆಸರಿಗೆ ಮಂಜೂರಾತಿಯನ್ನು ಬರೆಯಬೇಕು. ನಿಧಿಯ ಶಿಲ್ಕಿನಿಂದ ಆ ಮೊತ್ತವನ್ನು ಕಳೆಯಬೇಕು. ಮೊದಲನೆಯದು ಆಗಿ ಎರಡನೆಯದು ಆಗದೆ ವಿದ್ಯುತ್ತು ಹೋದರೆ ಲೆಕ್ಕ ತಪ್ಪುತ್ತದೆ. ಎರಡನೆಯದು ಆಗಿ ಮೊದಲನೆಯದು ಆಗದಿದ್ದರೆ ಬಡ ಮಗುವಿನ ಹಣ ಮಾಯವಾಗುತ್ತದೆ. ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಸೇವೆಯ ಒಂದು ವಿಧಾನದೊಳಗೆ ಎರಡನ್ನೂ ಇಟ್ಟರೆ ಚೌಕಟ್ಟು ಈ ಅಖಂಡತೆಯನ್ನು ಕಾಯುತ್ತದೆ. ಪರದೆಯ ಸಂಹಿತೆಯಿಂದ ಎರಡು ಸೇವೆಗಳನ್ನು ಒಂದಾದ ಮೇಲೊಂದರಂತೆ ಕರೆದರೆ ಅವು ಎರಡು ಬೇರೆ ವ್ಯವಹಾರಗಳಾಗುತ್ತವೆ; ಕಾವಲು ತಪ್ಪುತ್ತದೆ.

ಇದಕ್ಕೆ ಸಂಬಂಧಿಸಿದ ಮೂರು ಸೂಕ್ಷ್ಮಗಳನ್ನು ವಿದ್ಯಾರ್ಥಿಗಳು ನೆನಪಿಡತಕ್ಕದ್ದು. ಒಂದು: ದೋಷವೆದ್ದಾಗಲೇ ಚೌಕಟ್ಟು ಬರೆದುದನ್ನು ಹಿಂದಕ್ಕೆ ಸರಿಸುವುದು. ನಡುವೆ ದೋಷವನ್ನು ಹಿಡಿದು ನುಂಗಿಬಿಟ್ಟರೆ, ಎಲ್ಲವೂ ಸರಿಯಾಗಿದೆಯೆಂದು ತಿಳಿದು ಅರ್ಧ ಬರಹವನ್ನೇ ಅದು ಸ್ಥಿರಪಡಿಸುತ್ತದೆ. ಎರಡು: ‘ಗೆಟ್’ ಎಂದು ಆರಂಭವಾಗುವ ವಿಧಾನಗಳನ್ನು ಸರ್ವಿಸ್ ಬಿಲ್ಡರ್ ಕೇವಲ ಓದುವ ಕೆಲಸಗಳೆಂದು ಗಣಿಸುತ್ತದೆ; ಅಂತಹ ಹೆಸರಿನ ವಿಧಾನದಲ್ಲಿ ಬರೆಯುವ ಕೆಲಸವನ್ನು ಸೇರಿಸಿದರೆ ಅದಕ್ಕೆ ತನ್ನದೇ ಆದ ವ್ಯವಹಾರದ ರಕ್ಷಣೆ ದೊರೆಯುವುದಿಲ್ಲ. ಹೆಸರು ಗುಣವನ್ನು ಹೇಳುವಂತಿರಬೇಕು. ಮೂರು: ಪಾಲಕರಿಗೆ ‘ವೇತನ ಮಂಜೂರಾಗಿದೆ’ ಎಂಬ ಸಂದೇಶವನ್ನು ವ್ಯವಹಾರದ ನಡುವೆ ಕಳುಹಿಸಬಾರದು. ಡೇಟಾಬೇಸಿನ ಬರಹವನ್ನು ಹಿಂದಕ್ಕೆ ಪಡೆಯಬಹುದು. ಕಳುಹಿಸಿದ ಸಂದೇಶವನ್ನೂ ಒಂದು ಮನೆಯಲ್ಲಿ ಹುಟ್ಟಿಸಿದ ಆಸೆಯನ್ನೂ ಹಿಂದಕ್ಕೆ ಪಡೆಯಲಾಗದು. ವ್ಯವಹಾರ ಸ್ಥಿರವಾದ ಮೇಲೆ ನಡೆಯಬೇಕಾದ ಕೆಲಸವೆಂದು ಅದನ್ನು ಪ್ರತ್ಯೇಕವಾಗಿ ನೋಂದಾಯಿಸಬೇಕು. ಚೌಕಟ್ಟಿನಲ್ಲಿ ಇದಕ್ಕೆ ಅವಕಾಶವಿದೆ.

೬. ಪ್ಲಗಿನ್‌ಗಳ ನಡುವಣ ಮರ್ಯಾದೆ

ಇದುವರೆಗೆ ಹೇಳಿದುದು ಯಾವ ಕಾರ್ಯಕ್ರಮಕ್ಕೂ ಸಲ್ಲುವಂತಹುದು. ಜೋಡಿಸಿ ಕಳಚತಕ್ಕ ಚೌಕಟ್ಟಿನಲ್ಲಿ ಇನ್ನೂ ಕೆಲವು ನಿಯಮಗಳು ಬೇಕು.

ಸರ್ವಿಸ್ ಬಿಲ್ಡರ್ ಒಂದೊಂದು ಸೇವೆಗೂ ಎರಡು ಮಾಡ್ಯೂಲುಗಳನ್ನು ರೂಪಿಸುತ್ತದೆ. ಒಂದರಲ್ಲಿ ಒಪ್ಪಂದ, ಅಂದರೆ ಯಾವ ಯಾವ ಸೇವೆಗಳು ದೊರೆಯುತ್ತವೆಂಬ ಘೋಷಣೆ. ಇನ್ನೊಂದರಲ್ಲಿ ನಿರ್ವಹಣೆ, ಅಂದರೆ ಅವು ನಡೆಯುವ ಬಗೆ. ಗ್ರಂಥಾಲಯದ ಪ್ಲಗಿನ್ನಿಗೆ ವಿದ್ಯಾರ್ಥಿಯ ಹೆಸರು ಬೇಕಾದರೆ ಅದು ಒಪ್ಪಂದದ ಮಾಡ್ಯೂಲನ್ನು ಮಾತ್ರ ಅವಲಂಬಿಸಬೇಕು. ನಿರ್ವಹಣೆಯನ್ನು ನಾಳೆ ಬೇರೆಯವರು ಹೊಸದಾಗಿ ಬರೆದರೂ ಗ್ರಂಥಾಲಯಕ್ಕೆ ಅದರ ಬಾಧೆಯಿಲ್ಲ.

ಒಂದು ಪ್ಲಗಿನ್ ಇನ್ನೊಂದರ ಕೋಷ್ಟಕವನ್ನು ಮುಟ್ಟಬಾರದು. ಓದುವುದಕ್ಕೂ ಮುಟ್ಟಬಾರದು. ಗ್ರಂಥಾಲಯದ ಕೋಷ್ಟಕದಲ್ಲಿ ವಿದ್ಯಾರ್ಥಿಯ ಮುಖ್ಯ ಕೀಲಿಯನ್ನಷ್ಟೇ ಇಟ್ಟು, ಉಳಿದುದನ್ನು ವಿದ್ಯಾರ್ಥಿಸೇವೆಯಿಂದ ಕೇಳಿ ಪಡೆಯಬೇಕು. ಕೋಷ್ಟಕ ಮನೆಯ ಒಳಕೋಣೆ, ಸೇವೆ ಜಗಲಿ. ನೆರೆಯವರೊಂದಿಗೆ ಕೊಡುಕೊಳ್ಳುವಿಕೆ ಜಗಲಿಯಲ್ಲಿಯೇ ನಡೆಯತಕ್ಕದ್ದು.

ಸರ್ವಿಸ್ ಬಿಲ್ಡರ್ ಕೋಷ್ಟಕಗಳ ನಡುವೆ ಡೇಟಾಬೇಸಿನ ಪರಕೀಲಿಯ ಕಟ್ಟುಪಾಡನ್ನು ಹುಟ್ಟಿಸುವುದಿಲ್ಲ. ಪ್ಲಗಿನ್‌ಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಿ ಕಳಚಲು ಇದರಿಂದ ಅನುಕೂಲವಾಗುತ್ತದೆ. ಆದರೆ ಹೊಣೆ ಮನುಷ್ಯನ ಮೇಲೆ ಬೀಳುತ್ತದೆ. ವಿದ್ಯಾರ್ಥಿಯ ಸಾಲನ್ನು ತೆಗೆದುಹಾಕಿದರೆ ಅವನ ಹೆಸರಿನಲ್ಲಿ ಹೊರಗಿರುವ ಪುಸ್ತಕಗಳ ಸಾಲುಗಳು ಅನಾಥವಾಗಿ ಉಳಿಯುತ್ತವೆ. ಇದಕ್ಕೆ ಪರಿಹಾರ, ಮಾಡೆಲ್ ಲಿಸನರ್ ಎಂಬ ಆಲಿಸುವ ಅಂಗ. ವಿದ್ಯಾರ್ಥಿಯ ಸಾಲು ಹುಟ್ಟಿದಾಗ, ಬದಲಾದಾಗ, ಅಳಿಯುವಾಗ ಅದಕ್ಕೆ ಸುದ್ದಿ ಮುಟ್ಟುತ್ತದೆ. ಗ್ರಂಥಾಲಯವು ಅದನ್ನು ಕೇಳಿ ತನ್ನ ಕೋಷ್ಟಕವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ, ಅಥವಾ ಪುಸ್ತಕ ಬಾಕಿಯಿದ್ದರೆ ದೋಷವನ್ನೆತ್ತಿ ಅಳಿಸುವಿಕೆಯನ್ನೇ ತಡೆಯುತ್ತದೆ. ವಿದ್ಯಾರ್ಥಿಯ ಪ್ಲಗಿನ್ನಿಗೆ ಗ್ರಂಥಾಲಯವೊಂದು ಇದೆಯೆಂಬುದೇ ತಿಳಿಯಬೇಕಾಗಿಲ್ಲ.

ಇರುವ ಸೇವೆಯ ನಡೆಯನ್ನು ಬದಲಿಸಬೇಕಾದರೆ ಮೂಲವನ್ನು ತಿದ್ದದೆ ಸರ್ವಿಸ್ ರ‍್ಯಾಪರ್ ಎಂಬ ಹೊದಿಕೆಯನ್ನು ಬರೆಯಬಹುದು. ಬದಲಿಸಬೇಕಾದ ಒಂದು ವಿಧಾನವನ್ನು ಮಾತ್ರ ಅದರಲ್ಲಿ ಬರೆದು, ಉಳಿದುವನ್ನು ಮೂಲಕ್ಕೇ ಬಿಡುವುದು ಕ್ರಮ.

ಕೊನೆಯದಾಗಿ, ಕಾಲಕ್ರಮದಲ್ಲಿ ಕೋಷ್ಟಕದ ಆಕಾರ ಬದಲಾಗುತ್ತದೆ. ಹೊಸ ಅಂಕಣ ಬೇಕಾಗುತ್ತದೆ. ಆಗ ಹಳೆಯ ಕೋಷ್ಟಕವನ್ನು ಅಳಿಸಿ ಹೊಸದನ್ನು ಕಟ್ಟುವ ಹಾಗಿಲ್ಲ. ಒಳಗೆ ಮಕ್ಕಳ ಹೆಸರುಗಳಿವೆ. ಪ್ರತಿಯೊಂದು ಮಾಡ್ಯೂಲೂ ತನ್ನ ಕೋಷ್ಟಕದ ಆವೃತ್ತಿಯನ್ನು ಘೋಷಿಸುತ್ತದೆ. ಈಗ ಡೇಟಾಬೇಸು ಯಾವ ಆವೃತ್ತಿಯಲ್ಲಿದೆಯೆಂಬುದನ್ನು ಜಾಲದ್ವಾರವು ಪ್ರತ್ಯೇಕ ಕೋಷ್ಟಕದಲ್ಲಿ ಬರೆದಿಡುತ್ತದೆ. ಒಂದು ಆವೃತ್ತಿಯಿಂದ ಮುಂದಿನದಕ್ಕೆ ಹೋಗುವ ಮೆಟ್ಟಿಲುಗಳನ್ನು ನಾವು ಒಂದೊಂದಾಗಿ ಬರೆಯಬೇಕು. ಹಳೆಯ ಮೆಟ್ಟಿಲನ್ನು ಎಂದೂ ಕಿತ್ತುಹಾಕಬಾರದು. ಯಾವುದೋ ಒಂದು ಶಾಲೆಯ ಯಂತ್ರ ಇನ್ನೂ ಕೆಳಗಿನ ಮೆಟ್ಟಿಲಲ್ಲಿಯೇ ನಿಂತಿರಬಹುದು.

೭. ಕನ್ನಡದ ಹೆಸರು, ಗಡಿನಾಡಿನ ವಿಳಾಸ

ಮೇಲಿನ ತತ್ತ್ವಗಳನ್ನು ನಮ್ಮ ಎರಡು ಸಮಸ್ಯೆಗಳಿಗೆ ಅನ್ವಯಿಸಿ ನೋಡೋಣ.

ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆಯು ೧೯೯೧ರಲ್ಲಿ ಮೊದಲು ಪ್ರಕಟವಾದಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತಿತ್ತು. ಕನ್ನಡಕ್ಕೆ ಮೀಸಲಾದ ಮನೆಗಳು ೧೨೮. ಆದರೆ ‘ಗೋ’ ಎಂಬುದರಲ್ಲಿರುವ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ, ಊಕಾರ, ದೀರ್ಘ ಎಂಬ ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಒಬ್ಬ ಗುಮಾಸ್ತರು ‘ಗೋವಿಂದ’ ಎಂದು ಒಂದು ಬಗೆಯಲ್ಲಿ ಬರೆದು, ಇನ್ನೊಬ್ಬರು ಬೇರೆ ಬಗೆಯಲ್ಲಿ ಹುಡುಕಿದರೆ, ಗೋವಿಂದನೆಂಬ ಹುಡುಗ ಆ ಶಾಲೆಯಲ್ಲಿ ಓದಿಯೇ ಇಲ್ಲವೆಂಬ ಉತ್ತರ ಬರಬಹುದು. ಇವನ್ನು ಒಂದೇ ರೂಪಕ್ಕೆ ತರುವ ನಾರ್ಮಲೈಸೇಷನ್ ಎಂಬ ಕ್ರಮ ಜಾವಾ ಭಾಷೆಯಲ್ಲಿಯೇ ಇದೆ. ಆದರೆ ‘ಸೂರ್ಯ’, ‘ಸೂರ‍್ಯ’ ಎಂಬ ಎರಡು ಬರಹಗಳ ನಡುವೆ ಅಡಗಿರುವ ಅಗೋಚರ ಸಂಕೇತವನ್ನು ಆ ಕ್ರಮವು ತೆಗೆಯುವುದಿಲ್ಲ. ಅದಕ್ಕೆ ನಾವೇ ನಿಯಮವನ್ನು ಬರೆಯಬೇಕು.

ಈ ನಿಯಮ ಯಾವ ಸ್ತರದಲ್ಲಿರಬೇಕು? ಪರದೆಯಲ್ಲಿಟ್ಟರೆ ಇನ್ನೊಂದು ಪರದೆಯಿಂದ ಬಂದ ಹೆಸರು ತಪ್ಪಿಹೋಗುತ್ತದೆ. ಸಂಗ್ರಹಸ್ತರದ ಹುಟ್ಟುಸಂಹಿತೆಯಲ್ಲಿಟ್ಟರೆ ಮುಂದಿನ ಸಲ ಉಪಕರಣವನ್ನು ಓಡಿಸಿದಾಗ ಅಳಿಸಿಹೋಗುತ್ತದೆ. ಹುಟ್ಟಿದ ಕಡತಗಳನ್ನು ಅದು ಪ್ರತಿಸಲವೂ ಹೊಸದಾಗಿ ಬರೆಯುತ್ತದೆ. ಆದುದರಿಂದ ಸ್ಥಳೀಯ ಸೇವೆಯಲ್ಲಿ, ನಾವು ಬರೆಯಲೆಂದೇ ಬಿಟ್ಟ ನಿರ್ವಹಣಾ ವರ್ಗದಲ್ಲಿ, ಇದನ್ನು ಇಡಬೇಕು. ಅಂಕಣಗಳು ಎರಡಿರಲಿ: ಪಾಲಕರು ಬರೆದುಕೊಟ್ಟಂತೆಯೇ ಹೆಸರು ಒಂದರಲ್ಲಿ, ಹುಡುಕಲು ಅನುಕೂಲವಾದ ಸಮರೂಪ ಇನ್ನೊಂದರಲ್ಲಿ. ಹುಡುಕುವ ವಿಧಾನ ಎರಡನೆಯದನ್ನು ಬಳಸಲಿ. ಪ್ರಮಾಣಪತ್ರದಲ್ಲಿ ಮೊದಲನೆಯದು ಅಚ್ಚಾಗಲಿ. ಮನೆಯವರು ಇಟ್ಟ ಹೆಸರನ್ನು ಯಂತ್ರದ ಅನುಕೂಲಕ್ಕಾಗಿ ತಿದ್ದುವ ಹಕ್ಕು ನಮಗಿಲ್ಲ.

ಎರಡನೆಯ ಸಮಸ್ಯೆ ವಿಳಾಸದ್ದು. ೧೯೫೪ರಲ್ಲಿ ಸೇರಿದ ಹುಡುಗನ ಸಾಲಿನಲ್ಲಿ ‘ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸು ರಾಜ್ಯ’ ಎಂದಿದ್ದರೆ ಅದು ಸರಿಯಾದ ಬರಹವೇ. ಆದರೆ ಜಿಲ್ಲೆಗಳ ಪಟ್ಟಿಯನ್ನು ಒಂದು ಪ್ರತ್ಯೇಕ ಕೋಷ್ಟಕದಲ್ಲಿಟ್ಟು, ವಿದ್ಯಾರ್ಥಿಯ ಸಾಲಿನಲ್ಲಿ ಅದರ ಕೀಲಿಯನ್ನು ಮಾತ್ರ ಇಟ್ಟು, ಯಾರೋ ಆ ಪಟ್ಟಿಯನ್ನು ‘ಕಾಸರಗೋಡು ಜಿಲ್ಲೆ, ಕೇರಳ’ ಎಂದು ತಿದ್ದಿದರೆ, ಒಂದೇ ಕ್ಷಣದಲ್ಲಿ ಹಳೆಯ ಸಾಲುಗಳೆಲ್ಲ ಸುಳ್ಳಾಗುತ್ತವೆ. ಅಂದಿನ ಪ್ರಮಾಣಪತ್ರದೊಂದಿಗೆ ಇಂದಿನ ನಕಲು ಹೊಂದದೆ ಹೋಗಿ, ಒಬ್ಬ ವೃದ್ಧನು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಇದರಿಂದ ಕಲಿಯಬೇಕಾದ ಪಾಠ: ಇಂದಿನ ಸ್ಥಿತಿಯನ್ನು ಹೇಳುವ ಅಂಕಣ ಬೇರೆ, ಅಂದು ನಡೆದುದನ್ನು ಹೇಳುವ ಅಂಕಣ ಬೇರೆ. ಮೊದಲನೆಯದನ್ನು ತಿದ್ದಬಹುದು. ಎರಡನೆಯದನ್ನು ಬರೆದ ಮೇಲೆ ಹಾಗೆಯೇ ಬಿಡಬೇಕು; ತಿದ್ದಲೇಬೇಕಾದರೆ ಯಾರು, ಎಂದು, ಯಾವ ಆಜ್ಞೆಯ ಮೇರೆಗೆ ಎಂಬುದನ್ನು ಹೊಸ ಸಾಲಾಗಿ ಬರೆಯಬೇಕು. ಕೆಂಪು ಶಾಯಿಯಲ್ಲಿ ತಿದ್ದಿ ಸಹಿ ಹಾಕುವ ಕಾಗದದ ಕಾಲದ ಪದ್ಧತಿಯಲ್ಲಿ ಈ ವಿವೇಕ ಆಗಲೇ ಇತ್ತು. ಸೇವಾಸ್ತರದಲ್ಲಿ ಆ ಅಂಕಣಗಳನ್ನು ತಿದ್ದುವ ವಿಧಾನವನ್ನೇ ಕೊಡದಿರುವುದು ಅದರ ಹೊಸ ರೂಪ.

೮. ಎಲ್ಲಿ ಇದು ಬೇಡ

ಇಷ್ಟನ್ನೂ ಓದಿ, ಪ್ರತಿಯೊಂದು ಸಣ್ಣ ಶಾಲೆಯೂ ಇಂತಹ ದೊಡ್ಡ ಚೌಕಟ್ಟನ್ನು ತರಿಸಬೇಕೆಂದು ಯಾರೂ ಭಾವಿಸಬಾರದು. ಅದನ್ನು ಓಡಿಸಲು ಬಲವಾದ ಯಂತ್ರ ಬೇಕು, ನೋಡಿಕೊಳ್ಳಲು ತಿಳಿದವರು ಬೇಕು. ಎರಡು ಕೋಣೆಗಳ ಶಾಲೆಗೆ ಛತ್ರವನ್ನು ಕಟ್ಟುವುದು ವಿವೇಕವಲ್ಲ. ಸಣ್ಣ ಕಾರ್ಯಕ್ರಮವೊಂದೇ ಸಾಕಾಗಬಹುದು. ಆದರೆ ಅದರಲ್ಲಿಯೂ ಕಿಟಕಿ, ಮೇಜು, ಕಪಾಟು ಎಂಬ ಮೂರು ವಿಭಾಗಗಳಿರಲಿ. ಕಪಾಟಿಗೆ ಹೋಗುವ ದಾರಿ ಒಂದೇ ಇರಲಿ. ಯಾವ ಕಾರ್ಯಕ್ರಮವನ್ನು ಆರಿಸಿದರೂ, ಎಲ್ಲ ಸಾಲುಗಳನ್ನೂ ಸರಳವಾದ ಪಠ್ಯವಾಗಿ ಹೊರತೆಗೆದು ಬೇರೆಡೆ ಇಡುವ ಉಪಾಯವು ಮೊದಲ ದಿನವೇ ಸಿದ್ಧವಿರಲಿ. ಕಾರ್ಯಕ್ರಮವನ್ನು ಕೊಡುಗೆಯಾಗಿ ಬರೆದುಕೊಡುವ ಹಳೆಯ ವಿದ್ಯಾರ್ಥಿಗಳು ಪರದೆಯ ಚಂದಕ್ಕೆ ಒಂದು ಗಂಟೆ ವ್ಯಯಿಸಿದರೆ ಸೇವಾಸ್ತರದ ನಿಯಮಗಳಿಗೆ ಎರಡು ಗಂಟೆ ವ್ಯಯಿಸಲಿ; ಆ ನಿಯಮಗಳನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಶಾಲೆಯಲ್ಲಿ ಇಟ್ಟುಹೋಗಲಿ. ಅವರ ಬಳಿಕ ಬರುವವರಿಗೆ ಆ ಹಾಳೆಯೇ ಗುರು.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಪರದೆಯಲ್ಲಿ ‘ಅಳಿಸು’ ಎಂಬ ಗುಂಡಿಯನ್ನು ಮರೆಮಾಡಿದರೆ ದಾಖಲೆ ಸುರಕ್ಷಿತವೇ? ಯಾವ ಸ್ತರದಲ್ಲಿ ಏನನ್ನು ಮಾಡಬೇಕು?

೨. ಮುಖ್ಯ ಕೀಲಿಯನ್ನು ದಾಖಲಾತಿ ಸಂಖ್ಯೆಯಾಗಿ ಬಳಸಿದ ಶಾಲೆಯೊಂದರಲ್ಲಿ ಪರಿಶೀಲನಾಧಿಕಾರಿಗಳು ಯಾವ ಆಕ್ಷೇಪವನ್ನು ಎತ್ತಬಹುದು?

೩. ಗ್ರಂಥಾಲಯದ ಪ್ಲಗಿನ್ನನ್ನು ಕಳಚಿ ಒಂದು ವರ್ಷದ ಮೇಲೆ ಮತ್ತೆ ಜೋಡಿಸಬೇಕಾಗಿದೆ. ನಡುವೆ ಶಾಲೆ ಬಿಟ್ಟು, ಸಾಲು ಅಳಿದುಹೋದ ವಿದ್ಯಾರ್ಥಿಗಳ ಬಾಕಿಯನ್ನು ಕಂಡುಹಿಡಿಯುವ ಬಗೆಯನ್ನು ಯೋಚಿಸಿರಿ. ಆಲಿಸುವ ಅಂಗವು ಆ ಒಂದು ವರ್ಷ ಇರಲಿಲ್ಲವೆಂಬುದನ್ನು ಮರೆಯಬೇಡಿರಿ.

೪. ನಿಮ್ಮ ಮನೆಯಲ್ಲಿರುವ ಅತ್ಯಂತ ಹಳೆಯ ಶಾಲಾ ಪ್ರಮಾಣಪತ್ರವನ್ನು ಹುಡುಕಿ, ಅದರಲ್ಲಿನ ಊರು, ತಾಲೂಕು, ಜಿಲ್ಲೆ, ರಾಜ್ಯಗಳ ಹೆಸರುಗಳನ್ನು ಬರೆದುಕೊಳ್ಳಿರಿ. ಅವುಗಳಲ್ಲಿ ಇಂದಿಗೂ ಉಳಿದಿರುವವು ಎಷ್ಟು? ಆ ಪತ್ರವನ್ನು ಕಂಪ್ಯೂಟರಿಗೆ ಏರಿಸುವಾಗ ಯಾವ ಅಂಕಣವನ್ನು ಹಾಗೆಯೇ ಬಿಡುವಿರಿ?